ಪತ್ತೆಯಾಯಿತು, ಪ್ರಾಣ ಉಳಿಯಿತೇ?

ರಕ್ತಪರೀಕ್ಷೆಯಿಂದಲೇ ಕ್ಯಾನ್ಸರ್ ಪತ್ತೆ ಎಂಬ ತಲೆಬರಹ ನಮ್ಮ ಕಾಲದ್ದು ಎಂದುಕೊಂಡವರು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ನೋಡಬೇಕು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಸುದ್ದಿ ತಲೆಮಾರಿಗೊಮ್ಮೆ ಬಂದು ಹೋಗುತ್ತಿದೆ. ಪ್ರತಿಸಲವೂ ಪ್ರಯೋಗಾಲಯದಲ್ಲಿ ಸಿಕ್ಕಿದ್ದು ನಿಜವಾದ ವಸ್ತುವೇ, ಸಂಶೋಧಕರೂ ಪ್ರಾಮಾಣಿಕರೇ. ಆದರೂ ಹತ್ತಿಪ್ಪತ್ತು ವರ್ಷಗಳಾದ ಮೇಲೆ ಲೆಕ್ಕ ಹಾಕಿದರೆ ಸಾವಿನ ಸಂಖ್ಯೆ ನಿರೀಕ್ಷಿಸಿದಷ್ಟು ಇಳಿದಿರುವುದಿಲ್ಲ, ಕೆಲವು ಸಲ ಇಳಿದೇ ಇರುವುದಿಲ್ಲ. ಯಾಕೆ ಹೀಗೆ ಎಂಬುದೇ ಈ ಪರೀಕ್ಷೆಗಳ ಚರಿತ್ರೆ.

1960ರ ದಶಕದ ಆರಂಭದಲ್ಲಿ ಕೆನಡಾದ ಮಾಂಟ್ರಿಯಲ್ ಜನರಲ್ ಆಸ್ಪತ್ರೆಯಲ್ಲಿ ಫಿಲ್ ಗೋಲ್ಡ್ ಎಂಬ ಯುವ ವೈದ್ಯರು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಅವರ ಕೈಕೆಳಗೆ ಸಂಶೋಧನೆಗೆ ಕೂತರು. ಕ್ಯಾನ್ಸರ್ ಗಡ್ಡೆಯಲ್ಲಿ ಮಾತ್ರ ಇದ್ದು, ಒಳ್ಳೆಯ ಅಂಗಾಂಶದಲ್ಲಿ ಇಲ್ಲದ ವಸ್ತು ಏನಾದರೂ ಉಂಟೇ ಎಂಬುದು ಅವರ ಹುಡುಕಾಟ. ಹಿಂದಿನವರು ಒಬ್ಬರ ಗಡ್ಡೆಯನ್ನು ಇನ್ನೊಬ್ಬರ ಅಂಗಾಂಶದೊಂದಿಗೆ ಹೋಲಿಸಿ ಎಡವಿದ್ದರು. ಕಂಡ ವ್ಯತ್ಯಾಸ ಕ್ಯಾನ್ಸರಿನದೋ, ಆ ಇಬ್ಬರು ಮನುಷ್ಯರ ನಡುವಿನದೋ ಹೇಳುವ ಹಾಗಿರಲಿಲ್ಲ. ಗೋಲ್ಡ್ ದೊಡ್ಡಕರುಳನ್ನು ಆರಿಸಿಕೊಂಡದ್ದು ಈ ತೊಡಕು ಬಿಡಿಸಲಿಕ್ಕೆ. ಕರುಳಿನ ಗಡ್ಡೆ ತೆಗೆಯುವ ಶಸ್ತ್ರವೈದ್ಯರು ಅದರ ಆಚೀಚೆಯ ಒಳ್ಳೆಯ ಕರುಳನ್ನೂ ಒಂದಿಷ್ಟು ಕತ್ತರಿಸಿ ತೆಗೆಯುತ್ತಾರೆ. ಹಾಗಾಗಿ ಒಬ್ಬನೇ ರೋಗಿಯ ಕೆಟ್ಟ ಭಾಗವೂ ಒಳ್ಳೆಯ ಭಾಗವೂ ಒಟ್ಟಿಗೆ ಕೈಗೆ ಸಿಗುತ್ತವೆ. ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಲ್ಲಿ ಒಳ್ಳೆಯ ಕರುಳಿಗೆ ಅಂಟುವವನ್ನೆಲ್ಲ ಸೋಸಿ ತೆಗೆದರು. ಉಳಿದವು ಗಡ್ಡೆಯನ್ನಷ್ಟೇ ಗುರುತು ಹಿಡಿದವು. ವಿಚಿತ್ರವೆಂದರೆ ಹಾಗೆ ಸಿಕ್ಕ ವಸ್ತು ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲೂ ಇತ್ತು. ಹುಟ್ಟುವ ಮುನ್ನ ಇದ್ದು ಆಮೇಲೆ ಅಡಗುವ ಈ ಪ್ರೋಟೀನನ್ನು ಕ್ಯಾನ್ಸರ್ ಮತ್ತೆ ಎಬ್ಬಿಸುತ್ತಿತ್ತು. 1965ರಲ್ಲಿ ಪ್ರಕಟವಾದ ಈ ವಸ್ತುವನ್ನು ಇವತ್ತಿಗೂ ಲ್ಯಾಬ್ ರಿಪೋರ್ಟುಗಳಲ್ಲಿ ಸಿಇಎ ಎಂದು ಕಾಣುತ್ತೇವೆ.

1969ರಲ್ಲಿ ಅದೇ ತಂಡ ಸಿಇಎಯನ್ನು ರಕ್ತದಲ್ಲಿ ಅಳೆಯುವ ವಿಧಾನ ಕಂಡುಕೊಂಡಿತು. ದೊಡ್ಡಕರುಳಿನ ಕ್ಯಾನ್ಸರ್ ಇದ್ದ 36 ರೋಗಿಗಳಲ್ಲಿ 35 ಮಂದಿಯ ರಕ್ತದಲ್ಲಿ ಅದು ಸಿಕ್ಕಿತು. ಇದಕ್ಕಿಂತ ಇನ್ನೇನು ಬೇಕು? ಕರುಳಿನ ಕ್ಯಾನ್ಸರಿನ ಕಾಲ ಮುಗಿಯಿತು ಎಂದೇ ಹಲವರು ನಂಬಿದರು. ಬೇರೆ ಆಸ್ಪತ್ರೆಗಳು ಪರೀಕ್ಷೆ ಶುರುಮಾಡಿದ ಮೇಲೆ ಚಿತ್ರ ಕಲಸಿಹೋಯಿತು. ಬೀಡಿ ಸಿಗರೇಟು ಸೇದುವವರಲ್ಲೂ ಸಿಇಎ ಏರುತ್ತಿತ್ತು. ಯಕೃತ್ತು ಕೆಟ್ಟವರಲ್ಲಿ, ಕರುಳು ಬಾವು ಬಂದವರಲ್ಲೂ ಏರುತ್ತಿತ್ತು. ನಿಜಕ್ಕೂ ಬೇಕಾಗಿದ್ದ ಜಾಗದಲ್ಲಿ, ಅಂದರೆ ಗಡ್ಡೆ ಇನ್ನೂ ಸಣ್ಣದಿರುವಾಗ, ಅದು ಅನೇಕರಲ್ಲಿ ಏರುತ್ತಲೇ ಇರಲಿಲ್ಲ. ಆ 36 ರೋಗಿಗಳು ಆಗಲೇ ಆಸ್ಪತ್ರೆ ಸೇರಿದ್ದವರು ಎಂಬ ಸರಳ ಸಂಗತಿ ಸಂಭ್ರಮದಲ್ಲಿ ಮರೆತುಹೋಗಿತ್ತು. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಆರೋಗ್ಯವಂತರ ತಪಾಸಣೆಗೆ ಸಿಇಎ ಬಳಸಬೇಡಿ ಎಂದು ಹೇಳಿತು. ಆಪರೇಷನ್ ಆದ ಮೇಲೆ ರೋಗ ಮರುಕಳಿಸುತ್ತಿದೆಯೇ ಎಂದು ನೋಡಲು ಅದು ಈಗಲೂ ಬೇಕು. ಆದರೆ ಹುಟ್ಟಿಸಿದ ಆಸೆ ಅದಾಗಿರಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಸಾವಿರಕ್ಕೊಬ್ಬರಲ್ಲಿ ಅಡಗಿರುವ ಕ್ಯಾನ್ಸರಿಗಾಗಿ 10,000 ಜನರ ರಕ್ತ ತೆಗೆದೆವು ಎನ್ನಿ. ರೋಗಿಗಳು 10 ಮಂದಿ. ಪರೀಕ್ಷೆ ನೂರಕ್ಕೆ 95 ಸಲ ಸರಿ ಹೇಳುತ್ತದೆ ಎಂದೇ ಇಟ್ಟುಕೊಳ್ಳಿ. ಆ 10ರಲ್ಲಿ ಒಂಬತ್ತೋ ಹತ್ತೋ ಸಿಕ್ಕುತ್ತಾರೆ. ಜೊತೆಗೆ ಏನೂ ಇಲ್ಲದ ಸುಮಾರು 500 ಮಂದಿಯೂ ಪಾಸಿಟಿವ್ ಆಗುತ್ತಾರೆ. ಕೈಯಲ್ಲಿ ರಿಪೋರ್ಟು ಹಿಡಿದು ನಡುಗುತ್ತಿರುವ 50 ಜನರಲ್ಲಿ 49 ಮಂದಿಗೆ ಕ್ಯಾನ್ಸರೇ ಇಲ್ಲ. ಆಸ್ಪತ್ರೆಯಲ್ಲಿ ಅದ್ಭುತ ಎನಿಸಿದ ಪರೀಕ್ಷೆ ಊರಿಗೆ ಬಂದಾಗ ಮುಗ್ಗರಿಸುವುದು ಹೀಗೆ. ರೋಗ ವಿರಳವಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ.

ಪ್ರಾಸ್ಟೇಟ್ ಕತೆ ಬೇರೆ ರೀತಿಯದು, ಇನ್ನೂ ದುಬಾರಿಯದು. ಗಂಡಸರ ಮೂತ್ರಕೋಶದ ಕೆಳಗಿರುವ ಈ ಗ್ರಂಥಿ ವೀರ್ಯವನ್ನು ತೆಳುವಾಗಿಸುವ, ಪಿಎಸ್‌ಎ ಎಂಬ ಒಂದು ಪ್ರೋಟೀನನ್ನು ಸ್ರವಿಸುತ್ತದೆ. ರಿಚರ್ಡ್ ಆಬ್ಲಿನ್ 1970ರಲ್ಲಿ ಪ್ರಾಸ್ಟೇಟಿಗೇ ವಿಶಿಷ್ಟವಾದ ಇಂಥ ವಸ್ತು ಇದೆಯೆಂದು ಬರೆದರು. 1979ರಲ್ಲಿ ಬಫಲೋ ನಗರದ ರೋಸ್ವೆಲ್ ಪಾರ್ಕ್ ಸಂಸ್ಥೆಯಲ್ಲಿ ಮಿಂಗ್ ಚೂ ಅವರ ತಂಡ ಪಿಎಸ್‌ಎಯನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿತು. 1986ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು, ಆದರೆ ಆಗಲೇ ಕ್ಯಾನ್ಸರ್ ಇರುವವರ ಮೇಲೆ ನಿಗಾ ಇಡಲಿಕ್ಕೆ ಮಾತ್ರ. ವೈದ್ಯರು ಅಷ್ಟಕ್ಕೆ ನಿಲ್ಲಲಿಲ್ಲ. 1994ರಲ್ಲಿ ಪತ್ತೆಗೂ ಬಳಸಬಹುದೆಂಬ ಒಪ್ಪಿಗೆ ಬರುವ ಮೊದಲೇ ದೇಶದ ತುಂಬ ನಡುವಯಸ್ಸಿನ ಗಂಡಸರು ತೋಳು ಚಾಚಿ ಕೂತಿದ್ದರು. 1992ರ ಆಸುಪಾಸಿನಲ್ಲಿ ಅಮೆರಿಕದ ಪ್ರಾಸ್ಟೇಟ್ ಕ್ಯಾನ್ಸರ್ ಅಂಕಿಅಂಶದ ಗೆರೆ ಗೋಪುರದಂತೆ ಮೇಲೆದ್ದಿದ್ದು ಇದರಿಂದಲೇ. ಏಕಾಏಕಿ ರೋಗ ಹೆಚ್ಚಿರಲಿಲ್ಲ, ಹುಡುಕುವುದು ಹೆಚ್ಚಿತ್ತು.

ವಯಸ್ಸಾದ ಗಂಡಸರಲ್ಲಿ ಬಹಳಷ್ಟು ಮಂದಿ ಪ್ರಾಸ್ಟೇಟಿನಲ್ಲಿ ಸಣ್ಣ ಕ್ಯಾನ್ಸರ್ ಹೊತ್ತುಕೊಂಡೇ ಬದುಕಿ, ಬೇರೆ ಕಾರಣಕ್ಕೆ ಸಾಯುತ್ತಾರೆ. ಮರಣೋತ್ತರ ಪರೀಕ್ಷೆಗಳಿಂದ ಇದು ಮೊದಲೇ ಗೊತ್ತಿತ್ತು. ಪಿಎಸ್‌ಎ ಇಂಥವನ್ನೂ ಎಳೆದು ತಂದಿತು. ಸಿಕ್ಕ ಮೇಲೆ ಸುಮ್ಮನಿರಲು ಯಾರಿಗೂ ಧೈರ್ಯವಿರಲಿಲ್ಲ, ರೋಗಿಗೂ ಇಲ್ಲ, ವೈದ್ಯರಿಗೂ ಇಲ್ಲ. ಗ್ರಂಥಿ ತೆಗೆಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಮೂತ್ರ ಹಿಡಿದುಕೊಳ್ಳಲಾಗಲಿಲ್ಲ, ದಾಂಪತ್ಯಸುಖ ಹೋಯಿತು. ಅಂಥವರೂ ತಮ್ಮ ಜೀವ ಪರೀಕ್ಷೆಯಿಂದ ಉಳಿಯಿತೆಂದೇ ನಂಬಿದರು. ಸಾಯಿಸಲಾರದ ರೋಗದಿಂದ ಗುಣವಾದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? 2010ರಲ್ಲಿ ಆಬ್ಲಿನ್ ಅವರೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದು, ತಮ್ಮ ಶೋಧ ಸಾರ್ವಜನಿಕ ಆರೋಗ್ಯದ ದೊಡ್ಡ ಅನಾಹುತಕ್ಕೆ ದಾರಿಯಾಯಿತೆಂದು ದೂರಿದರು.

ಅದರ ಹಿಂದಿನ ವರ್ಷವಷ್ಟೇ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಒಟ್ಟಿಗೆ ಬಂದಿತ್ತು. ಅಮೆರಿಕದ 76,693 ಗಂಡಸರ ಅಧ್ಯಯನದಲ್ಲಿ ತಪಾಸಣೆಯ ಗುಂಪಿಗೂ ಉಳಿದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಉಳಿದವರಲ್ಲೂ ಅನೇಕರು ಹೊರಗೆ ಹೋಗಿ ಪಿಎಸ್‌ಎ ಮಾಡಿಸಿಕೊಂಡಿದ್ದರು, ಹಾಗಾಗಿ ಆ ಹೋಲಿಕೆಯೇ ಕೆಟ್ಟಿತ್ತು. ಏಳು ದೇಶಗಳ ಯೂರೋಪಿನ ಅಧ್ಯಯನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇ. 20ರಷ್ಟು ಇಳಿದಿತ್ತು. ಒಂದು ಸಾವು ತಪ್ಪಿಸಲು 1,410 ಮಂದಿಯನ್ನು ತಪಾಸಣೆ ಮಾಡಬೇಕು, ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಕೊಡಬೇಕು ಎಂಬುದು ಆಗಿನ ಲೆಕ್ಕ. 2012ರಲ್ಲಿ ಅಮೆರಿಕದ ತಪಾಸಣಾ ತಜ್ಞರ ಮಂಡಳಿ ಪಿಎಸ್‌ಎ ಬೇಡವೆಂದಿತು. 2018ರಲ್ಲಿ ತುಸು ಸಡಿಲಿಸಿ, 55ರಿಂದ 69ರ ಗಂಡಸರು ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಲಿ ಎಂದಿತು. ಈ ನಡುವೆ ಬದಲಾದದ್ದು ಪರೀಕ್ಷೆಗಿಂತ ಹೆಚ್ಚಾಗಿ ಅದರ ನಂತರದ ನಡೆ: ಸೌಮ್ಯವಾದ ಗಡ್ಡೆಗಳನ್ನು ಕತ್ತರಿಸದೆ ಕಾದು ನೋಡಲು ವೈದ್ಯರು ಕಲಿತರು. ಪಿಎಸ್‌ಎ ಪೂರ್ತಿ ಸುಳ್ಳೆಂದು ಬರೆಯುವವರು ಯೂರೋಪಿನ ಅಂಕಿಗಳನ್ನು ಮರೆಯುತ್ತಾರೆ.

ಜಪಾನಿನ ಕಂದಮ್ಮಗಳ ಕತೆಯೂ ಇದೇ ಜಾತಿಯದು, ಅಲ್ಲಿ ರಕ್ತದ ಬದಲು ಮೂತ್ರ. 1980ರ ದಶಕದ ಮಧ್ಯದಲ್ಲಿ ಆ ದೇಶ ಆರು ತಿಂಗಳ ಶಿಶುಗಳ ಮೂತ್ರ ಪರೀಕ್ಷಿಸಿ ನರಕೋಶದ ಒಂದು ಕ್ಯಾನ್ಸರನ್ನು ಹುಡುಕತೊಡಗಿತು. ಗಡ್ಡೆಗಳು ಬೇಕಾದಷ್ಟು ಸಿಕ್ಕವು. ಅವುಗಳಲ್ಲಿ ಅನೇಕ ತಾವಾಗಿಯೇ ಕರಗಿಹೋಗುವ ಬಗೆಯವು ಎಂದು ಗೊತ್ತಾಗಲು ವರ್ಷಗಳು ಹಿಡಿದವು. ಕೆನಡಾ, ಜರ್ಮನಿಗಳ ಅಧ್ಯಯನಗಳಲ್ಲಿ ಮಕ್ಕಳ ಸಾವು ಇಳಿಯದ್ದನ್ನು ನೋಡಿ ಜಪಾನ್ ಆ ಯೋಜನೆಯನ್ನೇ ಕೈಬಿಟ್ಟಿತು.

ಹಾಗಾದರೆ ಸೌಮ್ಯವಲ್ಲದ, ತಡವಾಗಿ ಸಿಕ್ಕರೆ ಕೊಲ್ಲುವ ಕ್ಯಾನ್ಸರನ್ನು ಬೇಗ ಹಿಡಿದರೆ? ಅಂಡಾಶಯದ ಕ್ಯಾನ್ಸರ್ ಅಂಥದ್ದು. 1981ರಲ್ಲಿ ಬಾಸ್ಟನ್ನಿನಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅದನ್ನು ಗುರುತಿಸುವ ಪ್ರತಿಕಾಯ ಕಂಡುಹಿಡಿದರು, ಸಿಎ-125 ಎಂಬ ಪರೀಕ್ಷೆ ಹುಟ್ಟಿತು. ಹಾಸ್ಯನಟಿ ಗಿಲ್ಡಾ ರಾಡ್ನರ್ 1989ರಲ್ಲಿ ಇದೇ ರೋಗದಿಂದ ತೀರಿಕೊಂಡ ಮೇಲೆ ಅವರ ಪತಿ, ನಟ ಜೀನ್ ವೈಲ್ಡರ್, ಅದರ ಪತ್ತೆಯ ಬಗ್ಗೆ ದನಿಯೆತ್ತಿದರು, ಪರೀಕ್ಷೆಯ ಹೆಸರು ಮನೆಮನೆಗೆ ಮುಟ್ಟಿತು. ಬ್ರಿಟನ್ನಿನ ಇಯಾನ್ ಜೇಕಬ್ಸ್ ಮತ್ತು ಉಷಾ ಮೆನನ್ ಅವಸರ ಮಾಡದೆ ಸರಿಯಾದ ದಾರಿ ಹಿಡಿದರು. 2001ರಿಂದ 2005ರ ನಡುವೆ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ 50ರಿಂದ 74 ವಯಸ್ಸಿನ 2,02,638 ಹೆಂಗಸರನ್ನು ಅಧ್ಯಯನಕ್ಕೆ ಸೇರಿಸಿದರು. ಕಾಲು ಭಾಗದವರಿಗೆ ವರ್ಷವರ್ಷ ರಕ್ತಪರೀಕ್ಷೆ, ಕಾಲು ಭಾಗಕ್ಕೆ ಸ್ಕ್ಯಾನಿಂಗ್, ಅರ್ಧಕ್ಕೆ ಏನೂ ಇಲ್ಲ. ಸಿಎ-125 ಒಂದು ಗಡಿ ದಾಟಿತೇ ಎಂದಷ್ಟೇ ನೋಡದೆ, ಅದೇ ಹೆಂಗಸಿನಲ್ಲಿ ಹಿಂದಿನ ವರ್ಷಗಳಿಗಿಂತ ಏರುತ್ತಿದೆಯೇ ಎಂದು ಲೆಕ್ಕ ಹಾಕುವ ಜಾಣ ಸೂತ್ರವೂ ಇತ್ತು.

ಸೂತ್ರ ಕೆಲಸ ಮಾಡಿತು. ರಕ್ತಪರೀಕ್ಷೆಯ ಗುಂಪಿನಲ್ಲಿ ಒಂದನೇ ಹಂತದಲ್ಲೇ ಸಿಕ್ಕ ಕ್ಯಾನ್ಸರುಗಳು ಶೇ. 47ರಷ್ಟು ಹೆಚ್ಚಿದವು, ನಾಲ್ಕನೇ ಹಂತದವು ಶೇ. 24ರಷ್ಟು ಇಳಿದವು. ಇಷ್ಟು ಓದಿದ ಯಾರಾದರೂ ಗೆದ್ದೆವು ಎನ್ನುತ್ತಾರೆ. 2021ರಲ್ಲಿ, ಸರಾಸರಿ 16 ವರ್ಷ ಕಾದ ಮೇಲೆ, ಸತ್ತವರನ್ನು ಎಣಿಸಿದರು. ರಕ್ತಪರೀಕ್ಷೆಯ 50,625 ಹೆಂಗಸರಲ್ಲಿ ಈ ರೋಗಕ್ಕೆ ಬಲಿಯಾದವರು 296. ಏನೂ ಮಾಡದ 1,01,314 ಮಂದಿಯಲ್ಲಿ 619. ಎರಡೂ ಶೇ. 0.6. ಬೇಗ ಸಿಕ್ಕ ಹೆಂಗಸರಿಗೆ ತಮ್ಮ ರೋಗದ ಸುದ್ದಿ ಬೇಗ ಗೊತ್ತಾಯಿತು, ಆಯುಸ್ಸು ಉದ್ದವಾಗಲಿಲ್ಲ. ಗಡ್ಡೆ ಬೇಗ ಸಿಕ್ಕರೂ ಅದರ ಸ್ವಭಾವ ಬದಲಾಗಿರಲಿಲ್ಲ. ಇಪ್ಪತ್ತು ವರ್ಷ ದುಡಿದು, ತಮ್ಮದೇ ಪರೀಕ್ಷೆ ಜೀವ ಉಳಿಸುವುದಿಲ್ಲ ಎಂದು ಸಾಬೀತು ಮಾಡಿ, ಅದನ್ನು ಹಾಗೇ ಪ್ರಕಟಿಸಿದ ಆ ತಂಡದ ಬಗ್ಗೆ ನನಗೆ ಇರುವ ಗೌರವ ಯಾವ ಅದ್ಭುತ ಪರೀಕ್ಷೆ ಕಂಡುಹಿಡಿದವರ ಬಗ್ಗೆಯೂ ಇಲ್ಲ.

ಈ ಹೊತ್ತಿಗೆ ಆಟದ ಕಾಯಿಯೇ ಬದಲಾಗಿತ್ತು: ಪ್ರೋಟೀನ್ ಹೋಗಿ ಡಿಎನ್‌ಎ ಬಂದಿತ್ತು. ಅದರ ಬೇರು ಹಳೆಯದು. 1948ರಲ್ಲೇ, ಡಿಎನ್‌ಎಯ ರಚನೆ ತಿಳಿಯುವುದಕ್ಕೂ ಐದು ವರ್ಷ ಮೊದಲು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಾಲ್ ಮಾಂಡೆಲ್ ಮತ್ತು ಪಿಯರ್ ಮೆತೇ ಮನುಷ್ಯರ ಪ್ಲಾಸ್ಮಾದಲ್ಲಿ, ಯಾವ ಜೀವಕೋಶದ ಒಳಗೂ ಇಲ್ಲದೆ, ನ್ಯೂಕ್ಲಿಯಿಕ್ ಆಮ್ಲ ತೇಲುತ್ತಿದೆ ಎಂದು ಬರೆದಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅದರಲ್ಲಿ ಕ್ಯಾನ್ಸರ್ ಗಡ್ಡೆಯಿಂದ ಉದುರಿದ ಚೂರುಗಳೂ ಇವೆ ಎಂದು ಖಚಿತವಾಗಿದ್ದು 1990ರ ದಶಕದಲ್ಲಿ.

ಆ ವರದಿಗಳನ್ನು ಓದಿದವರಲ್ಲಿ ಡೆನಿಸ್ ಲೋ ಒಬ್ಬರು. ಆಕ್ಸ್‌ಫರ್ಡ್‌ನಲ್ಲಿ ಕಲಿತ ಈ ವೈದ್ಯರು ಎಷ್ಟೋ ವರ್ಷಗಳಿಂದ ಗರ್ಭಿಣಿಯ ರಕ್ತದಲ್ಲಿ ಶಿಶುವಿನ ಕೋಶಗಳಿಗಾಗಿ ಹುಡುಕಿ ಸೋತಿದ್ದರು. ಅವರಿಗೆ ಹೊಳೆದದ್ದು ಇಷ್ಟೆ: ಸಣ್ಣ ಗಡ್ಡೆಯೊಂದು ರಕ್ತಕ್ಕೆ ಡಿಎನ್‌ಎ ಉದುರಿಸುತ್ತದೆ ಅಂದಮೇಲೆ, ಅದಕ್ಕಿಂತ ಎಷ್ಟೋ ದೊಡ್ಡದಾದ ಶಿಶು ಉದುರಿಸದೆ ಇದ್ದೀತೇ? 1997ರಲ್ಲಿ ಹಾಂಗ್‌ಕಾಂಗ್‌ಗೆ ಮರಳಿದ ಲೋ ಬಳಿ ದೊಡ್ಡ ಸಲಕರಣೆಯಿರಲಿಲ್ಲ. ಪ್ಲಾಸ್ಮಾವನ್ನು ಐದು ನಿಮಿಷ ಕುದಿಸಿ ನೋಡಿದರು. ನೂಡಲ್ಸ್ ಬೇಯಿಸುವ ವಿಧಾನ ಎಂದು ಮುಂದೆ ಅವರೇ ತಮಾಷೆ ಮಾಡಿಕೊಂಡಿದ್ದುಂಟು. ಗಂಡುಮಗುವನ್ನು ಹೊತ್ತ 30 ತಾಯಂದಿರಲ್ಲಿ 24 ಮಂದಿಯ ಪ್ಲಾಸ್ಮಾದಲ್ಲಿ, ಹೆಂಗಸಿನಲ್ಲಿ ಇರಲಾರದ ವೈ ವರ್ಣತಂತುವಿನ ಗುರುತು ಸಿಕ್ಕಿತು. 2011ರಿಂದ ಡೌನ್ ಸಿಂಡ್ರೋಮ್ ಪತ್ತೆಗೆ ಗರ್ಭಿಣಿಯರ ರಕ್ತಪರೀಕ್ಷೆ ಮಾರುಕಟ್ಟೆಗೆ ಬಂದದ್ದು ಇದರ ಬಲದಿಂದ.

ಕ್ಯಾನ್ಸರಿನಿಂದ ಶಿಶುವಿಗೆ ಹೋದ ವಿಚಾರ ಶಿಶುವಿನಿಂದ ಮತ್ತೆ ಕ್ಯಾನ್ಸರಿಗೆ ಮರಳಿದ್ದು ಆಕಸ್ಮಿಕವಾಗಿ. ಕ್ಯಾಲಿಫೋರ್ನಿಯಾದಲ್ಲಿ ಇಲ್ಯೂಮಿನಾ ಕಂಪನಿಯ ಪ್ರಯೋಗಾಲಯಕ್ಕೆ ಬರುತ್ತಿದ್ದ ಗರ್ಭಿಣಿಯರ ರಕ್ತದಲ್ಲಿ ಕೆಲವು, ಯಾವ ಶಿಶುವಿಗೂ ಹೊಂದದಷ್ಟು ಅಸ್ತವ್ಯಸ್ತವಾಗಿದ್ದವು. ಒಂದಲ್ಲ, ಹಲವು ವರ್ಣತಂತುಗಳು ಏರುಪೇರು. ಶಿಶುಗಳು ನೋಡಿದರೆ ಸರಿಯಾಗಿವೆ. ಅಲ್ಲಿನ ರೋಗಶಾಸ್ತ್ರಜ್ಞೆ ಮೆರೆಡಿತ್ ಹಾಕ್ಸ್-ಮಿಲ್ಲರ್, ಇದು ತಾಯಿಯ ಕ್ಯಾನ್ಸರ್ ಇರಬೇಕು ಎಂದರು. ಸಹೋದ್ಯೋಗಿಗಳಿಗೆ ಮೊದಲು ನಂಬಿಕೆ ಬರಲಿಲ್ಲ. ಡಯಾನಾ ಬಿಯಾಂಕಿ ಮತ್ತು ಈ ತಂಡ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ 1,25,426 ಗರ್ಭಿಣಿಯರ ಮಾದರಿಗಳಿದ್ದವು. ಏರುಪೇರು ಕಂಡ 3,757ರಲ್ಲಿ 10 ತಾಯಂದಿರಿಗೆ ಕ್ಯಾನ್ಸರ್ ಇದ್ದದ್ದು ಗೊತ್ತಾಗಿತ್ತು. ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹೀಗೆ ಅರ್ಥವಾಗದ ವರದಿ ಬಂದ 107 ಹೆಂಗಸರನ್ನು ಕರೆಸಿ ಪೂರ್ತಿ ತಪಾಸಣೆ ಮಾಡಿತು. 2024ರ ಕೊನೆಗೆ ಬಂದ ಫಲಿತಾಂಶ: 52 ಮಂದಿಗೆ ಕ್ಯಾನ್ಸರ್.

ಇಲ್ಯೂಮಿನಾ 2016ರ ಜನವರಿಯಲ್ಲಿ ಗ್ರೇಲ್ ಎಂಬ ಕಂಪನಿ ಹುಟ್ಟುಹಾಕಿತು. ಬಿಲ್ ಗೇಟ್ಸ್, ಜೆಫ್ ಬೆಜೋಸ್ ಹಣ ಹೂಡಿದರು. ಒಂದೊಂದು ಅಂಗದ ಜೀವಕೋಶದಲ್ಲೂ ಡಿಎನ್‌ಎ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳ ವಿನ್ಯಾಸ ಬೇರೆ ಬೇರೆ. ಅದನ್ನು ಓದಿದರೆ ಕ್ಯಾನ್ಸರ್ ಇದೆ ಎಂಬುದರ ಜೊತೆಗೆ ಯಾವ ಅಂಗದ್ದೆಂದೂ ಊಹಿಸಬಹುದು. 50ಕ್ಕೂ ಹೆಚ್ಚು ಬಗೆಯ ಕ್ಯಾನ್ಸರ್ ಹುಡುಕುವ ಅವರ ಗ್ಯಾಲೆರಿ ಪರೀಕ್ಷೆ 2021ರಲ್ಲಿ 949 ಡಾಲರಿಗೆ ಮಾರಾಟಕ್ಕೆ ಬಂತು. ಇಲ್ಲಿ ಸುಳ್ಳು ಪಾಸಿಟಿವ್ 200ಕ್ಕೆ ಒಂದು ಮಾತ್ರ. ಗೋಲ್ಡ್ ಕಾಲದವರು ಕನಸಿನಲ್ಲೂ ಕಾಣದ ನಿಖರತೆ ಇದು. ಇನ್ನೊಂದು ಅಂಕಿ ಅಷ್ಟು ಹೊಳಪಿನದಲ್ಲ: ನಾಲ್ಕನೇ ಹಂತದ ನೂರು ಕ್ಯಾನ್ಸರಿನಲ್ಲಿ 90ನ್ನು ಹಿಡಿಯುವ ಪರೀಕ್ಷೆ, ಒಂದನೇ ಹಂತದ ನೂರರಲ್ಲಿ ಹಿಡಿಯುವುದು 17ನ್ನು. ಗಡ್ಡೆ ಚಿಕ್ಕದಿದ್ದರೆ ಉದುರುವ ಚೂರುಗಳೂ ಕಡಿಮೆ. 1969ರ ಸಿಇಎಯನ್ನು ಕಾಡಿದ ತೊಡಕೇ ಇದು.

ಹಾಂಗ್‌ಕಾಂಗ್‌ನಲ್ಲಿ ಲೋ ಅವರ ತಂಡ ಮಾಡಿದ ಕೆಲಸ ನನಗೆ ಹೆಚ್ಚು ಇಷ್ಟ. ಅವರು ಎಲ್ಲ ಕ್ಯಾನ್ಸರಿನ ಬೆನ್ನು ಹತ್ತಲಿಲ್ಲ. ದಕ್ಷಿಣ ಚೀನಾದ ಗಂಡಸರನ್ನು ಹೆಚ್ಚಾಗಿ ಕಾಡುವ, ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್ ಒಂದನ್ನೇ ಹಿಡಿದರು. ಅಲ್ಲಿ ಬಹುಪಾಲು ಗಡ್ಡೆಗಳ ಒಳಗೆ ಎಪ್‌ಸ್ಟೈನ್-ಬಾರ್ ಎಂಬ ವೈರಸ್ ಇರುತ್ತದೆ, ರಕ್ತದಲ್ಲಿ ಅದರ ಡಿಎನ್‌ಎ ಹುಡುಕಿದರಾಯಿತು. 20,174 ಗಂಡಸರಲ್ಲಿ 34 ಮಂದಿಯ ಕ್ಯಾನ್ಸರ್ ಸಿಕ್ಕಿತು. ಮೊದಲೆರಡು ಹಂತಗಳಲ್ಲಿ ಸಿಕ್ಕವರು ಶೇ. 71, ತಪಾಸಣೆ ಇಲ್ಲದ ಕಾಲದಲ್ಲಿ ಅದು ಶೇ. 20. ಆ ಹಂತಗಳಲ್ಲಿ ವಿಕಿರಣ ಚಿಕಿತ್ಸೆಗೆ ಈ ರೋಗ ಚೆನ್ನಾಗಿ ಬಗ್ಗುತ್ತದೆ. ರೋಗ ಯಾರಲ್ಲಿ ಹೆಚ್ಚು, ಸಿಕ್ಕ ಮೇಲೆ ಏನು ಮಾಡಬಲ್ಲೆವು, ಎರಡೂ ಅವರಿಗೆ ಮೊದಲೇ ಗೊತ್ತಿತ್ತು.

ಬ್ರಿಟನ್ 2021ರಲ್ಲಿ ಗ್ಯಾಲೆರಿಯನ್ನು ಪರೀಕ್ಷೆಗೆ ಒಡ್ಡಿತು. ಸೂಪರ್‌ಮಾರ್ಕೆಟ್ಟುಗಳ ಪಾರ್ಕಿಂಗ್ ಜಾಗದಲ್ಲಿ ವ್ಯಾನ್ ನಿಲ್ಲಿಸಿ 50ರಿಂದ 77 ವಯಸ್ಸಿನ 1,40,000ಕ್ಕೂ ಹೆಚ್ಚು ಮಂದಿಯ ರಕ್ತ ಸಂಗ್ರಹಿಸಿದರು. ಅರ್ಧದಷ್ಟು ಜನರದ್ದನ್ನು ಪರೀಕ್ಷಿಸಿ, ಉಳಿದದ್ದನ್ನು ಕಾದಿಟ್ಟರು. ಅಷ್ಟು ದೊಡ್ಡ ಅಧ್ಯಯನ ಮುಖ್ಯವಾಗಿ ಅಳೆಯಲು ಹೊರಟದ್ದು ಮಾತ್ರ ಸಾವನ್ನಲ್ಲ, ಮೂರು ಮತ್ತು ನಾಲ್ಕನೇ ಹಂತದ ಕ್ಯಾನ್ಸರ್ ಇಳಿಯಿತೇ ಎಂಬುದನ್ನು. ಸಾವು ಎಣಿಸಲು ಬಹಳ ವರ್ಷ ಬೇಕು, ಅಷ್ಟು ಕಾಯಲಾಗದು ಎಂಬುದು ಇದಕ್ಕೆ ಕೊಟ್ಟ ಸಮರ್ಥನೆ. ಅಂಡಾಶಯದ ಅಧ್ಯಯನದಲ್ಲಿ ಹಂತ ಇಳಿದೂ ಸಾವು ಇಳಿಯದ್ದನ್ನು ಅದೇ ದೇಶ ಅದೇ ವರ್ಷ ಕಂಡಿತ್ತಲ್ಲ ಎಂದು ಟೀಕಾಕಾರರು ಕೇಳಿದರು. ಕೇಳಬೇಕಾದ ಮಾತೇ ಅದು.

ಬೆಂಗಳೂರಿಗೂ ಈ ಕತೆ ಬಂದಿದೆ. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು ಮತ್ತು ಸಂಗಡಿಗರು, ಕಟ್ಟಿದ ಸ್ಟ್ರಾಂಡ್ ಕಂಪನಿ ಈಗ ರಿಲಯನ್ಸ್ ತೆಕ್ಕೆಯಲ್ಲಿದೆ. 2024ರ ಡಿಸೆಂಬರಿನಲ್ಲಿ ಅದು ಕ್ಯಾನ್ಸರ್‌ಸ್ಪಾಟ್ ಎಂಬ, ಮೀಥೈಲ್ ಗುರುತು ಓದುವ ರಕ್ತಪರೀಕ್ಷೆ ಹೊರತಂದಿತು. ಭಾರತೀಯರ ಮಾದರಿಗಳಿಂದಲೇ ರೂಪಿಸಿದ್ದು ಅದರ ಹೆಚ್ಚುಗಾರಿಕೆ.

ಇಂಥ ಪರೀಕ್ಷೆಗೂ ಕೊನೆಯ ಒರೆಗಲ್ಲು ಸಾವಿನ ಲೆಕ್ಕವೇ. ಸಾವು ಎಣಿಸುವ ತಾಳ್ಮೆ ಈ ದೇಶದಲ್ಲಿ ಇಲ್ಲವೆಂದೇನೂ ಅಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಶುರುಮಾಡಿದ ಅಧ್ಯಯನದಲ್ಲಿ, ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ವಿನೆಗರ್ ಹಚ್ಚಿ ಬರಿಗಣ್ಣಿನಿಂದ ನೋಡಿದರು. ಆ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು. ಹೋಲಿಕೆಯ ಗುಂಪಿನ ಬಡ ಹೆಂಗಸರಿಗೆ ತಪಾಸಣೆಯನ್ನೇ ಮಾಡಲಿಲ್ಲವೆಂಬ ನೈತಿಕ ತಕರಾರು ಎದ್ದಿತ್ತು, ಅದು ತಳ್ಳಿಹಾಕುವಂಥದ್ದಲ್ಲ. ನಮ್ಮ ರಾಜ್ಯದ ಗಡಿಯಿಂದ ದೂರವಿಲ್ಲದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು ಅದೇ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿಗಾಗಿ ಹೆಂಗಸರನ್ನು ಒಂದೇ ಒಂದು ಸಲ ಪರೀಕ್ಷಿಸಿದರು. ಎಂಟು ವರ್ಷಗಳ ಮೇಲೆ ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34, ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಇವೆರಡೂ ರಕ್ತಪರೀಕ್ಷೆಗಳಲ್ಲ. ಕ್ಯಾನ್ಸರ್ ಆಗುವ ಮೊದಲಿನ ಸ್ಥಿತಿಯನ್ನೇ ಹಿಡಿದು ಅಲ್ಲೇ ತೆಗೆದುಹಾಕಬಹುದು ಎಂಬುದು ಇವುಗಳ ಗುಟ್ಟು. ರಕ್ತ ಅದನ್ನು ಹೇಳುವುದು ಬಹಳ ಕಡಿಮೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಶೀಲ್ಡ್ ಎಂಬ ರಕ್ತಪರೀಕ್ಷೆ ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ 83ನ್ನು ಹಿಡಿದರೂ, ಮುಂದೆ ಕ್ಯಾನ್ಸರ್ ಆಗಬಲ್ಲ ದೊಡ್ಡ ಗಂಟುಗಳಲ್ಲಿ ಹಿಡಿದದ್ದು 13ನ್ನು.

ಬೆಂಗಳೂರಿನಲ್ಲಿ ರಕ್ತ ಕೊಟ್ಟು ಪಾಸಿಟಿವ್ ಬಂದವರು ಮುಂದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಅಮೆರಿಕದ ಒಂದು ಅನುಭವವಿದೆ. ಅಲ್ಲಿ 6,621 ಮಂದಿಗೆ ಗ್ಯಾಲೆರಿ ಮಾಡಿ ನೋಡಿದಾಗ 92 ಪಾಸಿಟಿವ್ ಬಂದವು. ಸ್ಕ್ಯಾನು, ಬಯಾಪ್ಸಿ ಎಲ್ಲ ಮುಗಿದ ಮೇಲೆ 35 ಮಂದಿಗೆ ಕ್ಯಾನ್ಸರ್ ಇತ್ತು, 57 ಮಂದಿಗೆ ಇರಲಿಲ್ಲ. ಇಲ್ಲ ಎಂದು ತೀರ್ಮಾನವಾಗಲು ಆ 57 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ 162 ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯಿತು, ಅದೂ ದೊಡ್ಡ ಆಸ್ಪತ್ರೆಗಳ ವೈದ್ಯರು ಜೊತೆಗಿದ್ದು. ರಾಯಚೂರಿನಿಂದ ಬಂದವರಿಗೆ ಆ ಐದು ತಿಂಗಳ ಸ್ಕ್ಯಾನಿನ ಖರ್ಚು, ಓಡಾಟ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ಆಗಲೇ ನಿಂತಿರುವ ರೋಗಿಗಳ ನಡುವೆ ಒಂದು ಜಾಗ, ಇವು ಪರೀಕ್ಷೆಯ ಬೆಲೆಯಲ್ಲಿ ಸೇರಿರುವುದಿಲ್ಲ.